ಗೋದಾವರಿಯ ಹರಳು, ಕಾವೇರಿಯ ಲಿಥಿಯಂ

ನಾಸಿಕ್ ಸೀಮೆಯಲ್ಲಿ ಬಾವಿ ತೋಡುವವರಿಗೆ, ರಸ್ತೆಗೆಂದು ಜಲ್ಲಿ ಒಡೆಯುವವರಿಗೆ ಕಪ್ಪುಕಲ್ಲಿನ ನಡುವೆ ಆಗಾಗ ಪೊಳ್ಳು ಸಿಗುತ್ತದೆ. ಕೆಲವು ಪೊಳ್ಳು ಮುಷ್ಟಿಯಷ್ಟು, ಕೆಲವು ಆಳು ನುಸುಳುವಷ್ಟು. ಒಳಮೈಗೆಲ್ಲ ಹರಳು ಕಟ್ಟಿರುತ್ತದೆ. ಸ್ಕೋಲೆಸೈಟ್‌ನ ಬಿಳಿ ಸೂಜಿಗಳು, ಸ್ಟಿಲ್ಬೈಟ್‌ನ ನಸುಗೆಂಪು ಕಟ್ಟುಗಳು, ಹ್ಯೂಲಾಂಡೈಟ್‌ನ ಮುತ್ತಿನ ಹೊಳಪಿನ ಬಿಲ್ಲೆಗಳು, ಇವುಗಳ ಸಂದಿಯಲ್ಲಿ ತಿಳಿಹಸಿರು ಅಪೊಫಿಲೈಟ್. ಪಾಂಡವಲೇಣಿ ಗುಡ್ಡದ ಮಗ್ಗುಲಿನ ಕಲ್ಲುಕ್ವಾರಿಗಳಿಂದ ಹೊರಬಂದ ಹರಳುಗಳು ಇಂದು ಜಗತ್ತಿನ ದೊಡ್ಡ ಖನಿಜ ಸಂಗ್ರಹಗಳಲ್ಲಿ ಕುಳಿತಿವೆ. ನಾಸಿಕ್‌ನಿಂದ ಪುಣೆ ದಾರಿ ಹಿಡಿದು ಸಿನ್ನರ್‌ಗೆ ಹೋದರೆ ಗಾರ್ಗೋಟಿ ಖನಿಜ ಸಂಗ್ರಹಾಲಯದಲ್ಲಿ ಇವನ್ನು ಹತ್ತಿರದಿಂದ ನೋಡಬಹುದು. ಪೂರ್ವಕ್ಕೆ ಹೊರಳಿ ಛತ್ರಪತಿ ಸಂಭಾಜಿನಗರ, ಅಜಂತಾ, ಜಳಗಾಂವ್ ಕಡೆ ನಡೆದರೂ ಇದೇ ಕಲ್ಲು, ಇದೇ ಹರಳು.

ಇವುಗಳಲ್ಲಿ ಅಪೊಫಿಲೈಟ್ ಒಂದನ್ನು ಬಿಟ್ಟು ಮೇಲೆ ಹೇಳಿದ ಉಳಿದವೆಲ್ಲ ಜಿಯೊಲೈಟ್ ಎಂಬ ಒಂದೇ ಕುಲಕ್ಕೆ ಸೇರಿದವು. ಸಂಗ್ರಾಹಕರು ಬಣ್ಣಕ್ಕೆ, ಆಕಾರಕ್ಕೆ ಬೆಲೆ ಕಟ್ಟುತ್ತಾರೆ. ರಸಾಯನಶಾಸ್ತ್ರ ಬೆಲೆ ಕಟ್ಟುವುದು ಹರಳಿನ ಒಳಗಿರುವ ಖಾಲಿ ಜಾಗಕ್ಕೆ. 1938ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಜಿಯೊಲೈಟ್‌ನ ಆ ಖಾಲಿ ಜಾಗವನ್ನೇ ಬಳಸಿ, ಒಂದೇ ಮೂಲಧಾತುವಿನ ಎರಡು ಬಗೆಯ ಪರಮಾಣುಗಳನ್ನು ಬೇರೆ ಮಾಡುವ ಕೆಲಸಕ್ಕೆ ಕೈಹಾಕಿದರು. ಧಾತು ಲಿಥಿಯಂ. ಎರಡು ಪರಮಾಣುಗಳ ನಡುವಿನ ವ್ಯತ್ಯಾಸ ಒಂದೇ ಒಂದು ನ್ಯೂಟ್ರಾನ್. ಪ್ರಯೋಗ ಫಲಿಸಿತು, ಆದರೆ ಜಗತ್ತು ಆ ದಾರಿ ಹಿಡಿಯಲಿಲ್ಲ. ಬೇರೆ ದಾರಿ ಹಿಡಿದು ತೆತ್ತ ಬೆಲೆ ಇಂದಿಗೂ ತೀರಿಲ್ಲ. ಲಿಥಿಯಂ ಬಗ್ಗೆ ನಮ್ಮ ದೇಶದಲ್ಲಿ ಇಷ್ಟೆಲ್ಲ ಮಾತು ನಡೆಯುತ್ತಿರುವಾಗ ಈ ಕಥೆ ನಮಗೆ ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕಲ್ಲಿನ ವಿಚಾರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದ ನೆಲ ಬಿರಿದು ಲಾವಾ ಉಕ್ಕಿತು. ಪದರದ ಮೇಲೆ ಪದರವಾಗಿ ಹರಿದು ತಣಿದ ಆ ಬಸಾಲ್ಟ್ ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಕರ್ನಾಟಕಕ್ಕೂ ಅದರ ಸೆರಗು ತಾಗಿದೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್. ಗೋಳಗುಮ್ಮಟದ ಕಪ್ಪುಕಲ್ಲು ಅದೇ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸ ದೇಗುಲವನ್ನು ಮೇಲಿನಿಂದ ಕೆಳಕ್ಕೆ ಕಡೆದು ಇಳಿಸಿದ್ದೂ ಅದೇ ಕಲ್ಲಿನಲ್ಲಿ. ಲಾವಾ ತಣಿಯುವಾಗ ಒಳಗಿನ ಅನಿಲ ಗುಳ್ಳೆಗಟ್ಟಿ ಸಿಕ್ಕಿಕೊಂಡಿತು, ಗುಳ್ಳೆ ಇದ್ದಲ್ಲಿ ಪೊಳ್ಳು ಉಳಿಯಿತು. ಆಮೇಲೆ ಬಿಸಿನೀರು ಬಿರುಕುಗಳಲ್ಲಿ ಹರಿದಾಡಿ, ಬಸಾಲ್ಟ್‌ನ ಗಾಜಿನಂಥ ಭಾಗವನ್ನು ಕರಗಿಸಿ, ಕರಗಿದ ಸಿಲಿಕಾ, ಅಲ್ಯುಮಿನಾ, ಕ್ಯಾಲ್ಸಿಯಂ, ಸೋಡಿಯಂಗಳನ್ನು ಆ ಪೊಳ್ಳುಗಳಲ್ಲಿ ಹರಳಾಗಿ ಇಳಿಸಿತು. ಇದು ಒಂದೇ ಸಲಕ್ಕೆ ಮುಗಿದ ಕೆಲಸವೂ ಆಗಿರಲಿಲ್ಲ, ಲಾವಾ ಆರಿದ ಕೋಟ್ಯಂತರ ವರ್ಷಗಳ ನಂತರವೂ ಹೊಸ ಹರಳುಗಳು ಬೆಳೆದಿವೆ. ಮುಂಬೈನ ಭೂವಿಜ್ಞಾನಿ ಆರ್.ಎನ್. ಸುಖೇಶ್ವಾಲಾ ಮತ್ತು ಸಂಗಡಿಗರು 1974ರಲ್ಲಿ ಪಶ್ಚಿಮ ಭಾರತದ ಈ ಜಿಯೊಲೈಟ್‌ಗಳ ಬಗ್ಗೆ ಬರೆದ ಪ್ರಬಂಧವನ್ನು ಇಂದಿಗೂ ಈ ಕ್ಷೇತ್ರದವರು ಉಲ್ಲೇಖಿಸುತ್ತಾರೆ. ಬೀದರ್ ಅಥವಾ ವಿಜಯಪುರ ಕಡೆಯ ಓದುಗರು ತಮ್ಮೂರಿನ ಹಳೆಯ ಗೋಡೆಯ ಕಲ್ಲನ್ನು ಒಮ್ಮೆ ದಿಟ್ಟಿಸಿ ನೋಡಲಿ. ಕಪ್ಪು ಮೈಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು ಕಂಡರೆ, ಅವು ಹೀಗೆ ತುಂಬಿಕೊಂಡ ಗುಳ್ಳೆಗಳೇ.

ಜಿಯೊಲೈಟ್‌ನ ಮರ್ಮ 1756ರಲ್ಲೇ ಅರ್ಧ ಬಯಲಾಗಿತ್ತು. ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಟ್ ಇಂಥ ಒಂದು ಹರಳನ್ನು ಊದುಕೊಳವೆಯ ಬೆಂಕಿಗೆ ಹಿಡಿದಾಗ ಅದು ಕುದಿಯುವಂತೆ ನೊರೆಯುಗುಳಿತು. ಒಳಗೆ ಸಿಕ್ಕಿಕೊಂಡಿದ್ದ ನೀರು ಆವಿಯಾಗಿ ಹೊರಬಂದಿತ್ತು. ಸಿಲಿಕಾನ್ ಮತ್ತು ಅಲ್ಯುಮಿನಿಯಂ ಪರಮಾಣುಗಳು ಆಕ್ಸಿಜನ್ನಿನ ಮೂಲಕ ಒಂದಕ್ಕೊಂದು ಕೈಹಿಡಿದು ಕಟ್ಟಿದ ಚೌಕಟ್ಟು ಜಿಯೊಲೈಟ್. ಚೌಕಟ್ಟಿನ ಉದ್ದಕ್ಕೂ ಪರಮಾಣುಗಳಷ್ಟೇ ಕಿರಿದಾದ ಓಣಿಗಳು. ಸಿಲಿಕಾನ್ ಇರಬೇಕಾದ ಕಡೆ ಅಲ್ಯುಮಿನಿಯಂ ಕುಳಿತಾಗಲೆಲ್ಲ ಚೌಕಟ್ಟಿಗೆ ಒಂದು ಋಣ ಆವೇಶ ಬರುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ನೀರಿನೊಂದಿಗೆ ಓಣಿಗಳಲ್ಲಿ ನೆಲೆಸುತ್ತವೆ. ಅವು ಚೌಕಟ್ಟಿಗೆ ಬಿಗಿಯಾಗಿ ಕಟ್ಟಿಕೊಂಡಿಲ್ಲ. ಬೇರೆ ಅಯಾನುಗಳಿರುವ ನೀರು ಹರಿದರೆ ಇವು ಎದ್ದು ಹೋಗಿ, ಬಂದವು ಅಲ್ಲಿ ಕೂರುತ್ತವೆ. ಅಯಾನು ವಿನಿಮಯ ಎಂದರೆ ಇಷ್ಟೇ.

ಈ ವಿನಿಮಯವನ್ನು ಮೊದಲು ಕಂಡದ್ದು ಪ್ರಯೋಗಾಲಯದ ಹರಳಿನಲ್ಲಿ ಅಲ್ಲ, ಹೊಲದ ಮಣ್ಣಿನಲ್ಲಿ. 1850ರ ಹೊತ್ತಿಗೆ ಇಂಗ್ಲೆಂಡಿನ ಎಚ್.ಎಸ್. ಥಾಂಪ್ಸನ್ ಮತ್ತು ಜೆ. ಥಾಮಸ್ ವೇ, ಗೊಬ್ಬರದ ಅಮೋನಿಯಂ ಅನ್ನು ಮಣ್ಣು ಹಿಡಿದಿಟ್ಟುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಟ್ಟುಕೊಡುವುದನ್ನು ತೋರಿಸಿದರು. ಗಡಸು ನೀರನ್ನು ಮೆದು ಮಾಡುವ ಯಂತ್ರಗಳು ಆಮೇಲೆ ಬಂದದ್ದು ಇದೇ ತಿಳಿವಳಿಕೆಯಿಂದ. ದಖ್ಖನ್ನಿನ ರೈತರ ಪಾಲಿಗೆ ಇದು ಇನ್ನೂ ಹತ್ತಿರದ ಸಂಗತಿ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಡಿ.ಕೆ. ಪಾಲ್, ಟಿ. ಭಟ್ಟಾಚಾರ್ಯ ಮೊದಲಾದವರು ಬಸಾಲ್ಟ್‌ನಿಂದ ಹುಟ್ಟಿದ ಮಣ್ಣುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಒಂದು ಮಾತು ಹೇಳಿದ್ದಾರೆ. ಎರೆಮಣ್ಣಿನಲ್ಲಿ ಕ್ಯಾಲ್ಸಿಯಂ ಭರಿತ ಜಿಯೊಲೈಟ್ ಬೆರೆತಿದ್ದರೆ, ಅದು ಮೆಲ್ಲಗೆ ಕ್ಯಾಲ್ಸಿಯಂ ಬಿಟ್ಟುಕೊಡುತ್ತ, ಸೋಡಿಯಂ ಹೆಚ್ಚಿ ನೆಲ ಸವುಳಾಗುವುದನ್ನು ತಡೆಯುತ್ತದೆ, ನೀರು ಇಂಗುವ ಗುಣವನ್ನು ಕಾಯುತ್ತದೆ. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಹ್ಯೂಲಾಂಡೈಟ್‌ನ ಬಂಧುಗಳು ಹೊಲದ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಈ ಕೆಲಸ ಮಾಡುತ್ತಿವೆ. ಇದನ್ನು ನಮ್ಮ ಕೃಷಿ ಪುಟಗಳಲ್ಲಿ ಇನ್ನಷ್ಟು ಬರೆಯಬೇಕಿತ್ತು.

ಇನ್ನು ಲಿಥಿಯಂ. ಧಾತುಗಳಲ್ಲಿ ಮೂರನೆಯದು, ಲೋಹಗಳಲ್ಲಿ ಎಲ್ಲಕ್ಕಿಂತ ಹಗುರ. ನೆಲದಲ್ಲಿ ಸಿಗುವ ಲಿಥಿಯಂನಲ್ಲಿ ಎರಡು ಐಸೊಟೋಪ್‌ಗಳಿವೆ. ಶಾಲೆಯ ಪುಸ್ತಕದಲ್ಲಿ ಸಮಸ್ಥಾನಿ ಎಂದು ಓದಿದ್ದೇವಲ್ಲ, ಅವೇ. ನೂರರಲ್ಲಿ ಸುಮಾರು 92.4 ಪಾಲು ಲಿಥಿಯಂ-7, ಸುಮಾರು 7.6 ಪಾಲು ಲಿಥಿಯಂ-6. ಮೊಬೈಲಿನ ಬ್ಯಾಟರಿಗೆ ಈ ಭೇದ ಬೇಕಿಲ್ಲ. ಬೆಂಗಳೂರಿನ ಏಥರ್ ಎನರ್ಜಿ ತನ್ನ ಸ್ಕೂಟರ್ ಕಾರ್ಖಾನೆಗೆ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ತನ್ನ ಕಾರು ಕಾರ್ಖಾನೆಗೆ 2024ರಲ್ಲಿ ಛತ್ರಪತಿ ಸಂಭಾಜಿನಗರವನ್ನು ಆರಿಸಿಕೊಂಡವು. ಅಲ್ಲಿಂದ ಹೊರಡುವ ವಾಹನಗಳ ಬ್ಯಾಟರಿಯಲ್ಲಿ ಎರಡೂ ಲಿಥಿಯಂ ಬೆರೆತೇ ಇರುತ್ತವೆ, ಅದರಿಂದ ಯಾರಿಗೂ ತೊಂದರೆ ಇಲ್ಲ.

ಭೇದ ಎದ್ದು ಕಾಣುವುದು ನ್ಯೂಟ್ರಾನ್ ಎದುರಾದಾಗ. ನಿಧಾನಗತಿಯ ನ್ಯೂಟ್ರಾನನ್ನು ಲಿಥಿಯಂ-6 ಕಂಡಲ್ಲೇ ಕಬಳಿಸುತ್ತದೆ, ಕಬಳಿಸಿ ಹೀಲಿಯಂ ಮತ್ತು ಟ್ರಿಟಿಯಂ (ಜಲಜನಕದ ವಿಕಿರಣಶೀಲ ಐಸೊಟೋಪ್) ಆಗಿ ಒಡೆಯುತ್ತದೆ. ಲಿಥಿಯಂ-7 ಅಂಥ ನ್ಯೂಟ್ರಾನ್‌ಗಳನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಇಬ್ಬರ ಹಸಿವಿನ ನಡುವೆ ಇರುವ ಅಂತರ ಇಪ್ಪತ್ತು ಸಾವಿರ ಪಟ್ಟು. ಆದ್ದರಿಂದ ಪರಮಾಣು ಜಗತ್ತಿಗೆ ಎರಡೂ ಬೇಕು, ಆದರೆ ಬೇರೆಬೇರೆಯಾಗಿ ಬೇಕು. ಬೈಜಿಕ ಸಮ್ಮಿಳನದ ರಿಯಾಕ್ಟರ್‌ಗೆ ಇಂಧನವಾದ ಟ್ರಿಟಿಯಂ ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ವಿರಳ, ಅದರ ಅರ್ಧಾಯುಷ್ಯವೂ 12.3 ವರ್ಷ ಮಾತ್ರ. 1,000 ಮೆಗಾವಾಟ್ ಸಮ್ಮಿಳನ ಶಕ್ತಿಯನ್ನು ವರ್ಷಪೂರ್ತಿ ಹೊಮ್ಮಿಸಲು ಸುಮಾರು 56 ಕೆ.ಜಿ. ಟ್ರಿಟಿಯಂ ಸುಡಬೇಕು. ಅದನ್ನು ರಿಯಾಕ್ಟರ್ ತನ್ನ ಸುತ್ತಲಿನ ಲಿಥಿಯಂ-6 ಹೊದಿಕೆಯಲ್ಲಿ ತಾನೇ ಹುಟ್ಟಿಸಿಕೊಳ್ಳಬೇಕು.

ಲಿಥಿಯಂ-7 ಬೇಕಾಗುವುದು ಈಗ ಓಡುತ್ತಿರುವ ಸ್ಥಾವರಗಳಿಗೆ. ಒತ್ತಡದ ನೀರಿನ ರಿಯಾಕ್ಟರ್‌ಗಳ ತಂಪುನೀರಿಗೆ ಬೋರಿಕ್ ಆಮ್ಲ ಬೆರೆಸುತ್ತಾರೆ. ಅದರ ಹುಳಿ ಕೊಳವೆಗಳನ್ನು ತಿನ್ನದಂತೆ ಚೂರು ಲಿಥಿಯಂ ಹೈಡ್ರಾಕ್ಸೈಡ್ ಹಾಕುತ್ತಾರೆ. ಲಿಥಿಯಂ-6 ಬೆರೆತಿದ್ದರೆ ನೀರಿನಲ್ಲೆಲ್ಲ ಟ್ರಿಟಿಯಂ ಹುಟ್ಟುತ್ತದೆ, ಹಾಗಾಗಿ ಶೇ 99.9ಕ್ಕೂ ಮೀರಿ ಶುದ್ಧವಾದ ಲಿಥಿಯಂ-7 ಬೇಕು. ರಷ್ಯಾ ವಿನ್ಯಾಸದ ರಿಯಾಕ್ಟರ್‌ಗಳು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿ ಈ ತಾಪತ್ರಯದಿಂದ ಪಾರಾಗಿವೆ. ಕೂಡಂಕುಳಂ ಆ ಬಗೆಯದು. ಅಮೆರಿಕದ ಪಾಡು ಬೇರೆ. ತನ್ನ ಸುಮಾರು 65 ರಿಯಾಕ್ಟರ್‌ಗಳಿಗೆ ಬೇಕಾದ ಲಿಥಿಯಂ-7ಕ್ಕಾಗಿ ತಾನು ರಷ್ಯಾ ಮತ್ತು ಚೀನಾದ ಕಡೆ ನೋಡಬೇಕಾಗಿದೆ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ 2013ರಲ್ಲಿ ವರದಿ ಬರೆದರು. ಒಂದು ಕಾಲದಲ್ಲಿ ಲಿಥಿಯಂ ಬೇರ್ಪಡಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ದೇಶದ ಸ್ಥಿತಿ ಇದು.

ಅದು ಹಾಗಾದದ್ದು ಹೇಗೆ ಎಂದು ತಿಳಿಯಲು 1930ರ ದಶಕಕ್ಕೆ ಹೋಗಬೇಕು. ಹೆರಾಲ್ಡ್ ಯೂರಿ 1931ರಲ್ಲಿ ಭಾರಜಲಜನಕವನ್ನು ಕಂಡುಹಿಡಿದು 1934ರಲ್ಲಿ ನೊಬೆಲ್ ಪಡೆದಿದ್ದರು. ಒಂದು ಧಾತುವಿನ ಐಸೊಟೋಪ್‌ಗಳು ರಾಸಾಯನಿಕವಾಗಿ ಒಂದೇ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಯೂರಿ ಅದನ್ನು ಅಷ್ಟಕ್ಕೇ ಒಪ್ಪಲಿಲ್ಲ. ಭಾರದಲ್ಲಿ ಭೇದವಿದ್ದರೆ ಬಂಧದಲ್ಲಿ ಕಂಪಿಸುವ ರೀತಿಯೂ ಭಿನ್ನ. ಭಾರದ ಪರಮಾಣುವಿಗೆ ಗಟ್ಟಿ ಬಂಧದಲ್ಲಿರುವುದು ತುಸು ಹೆಚ್ಚು ಲಾಭ, ಹಗುರ ಪರಮಾಣುವಿಗೆ ಸಡಿಲ ಬಂಧದಲ್ಲಿ ಇರುವುದರಿಂದ ನಷ್ಟ ಕಡಿಮೆ. ವ್ಯತ್ಯಾಸ ಅತ್ಯಲ್ಪ, ಆದರೆ ಸೊನ್ನೆಯಲ್ಲ. ಲಿಥಿಯಂನಂಥ ಹಗುರ ಧಾತುವಿನಲ್ಲಿ ಆರಕ್ಕೂ ಏಳಕ್ಕೂ ಇರುವ ಅಂತರ ಪ್ರಮಾಣದಲ್ಲಿ ದೊಡ್ಡದು, ಆದ್ದರಿಂದ ಅಲ್ಲಿ ಪ್ರಯತ್ನಿಸಲು ಅರ್ಥವಿತ್ತು.

1936ರಲ್ಲಿ ಬರ್ಕ್ಲಿಯ ಜಿ.ಎನ್. ಲೂಯಿಸ್ ಮತ್ತು ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಒಂದು ದಾರಿ ತೋರಿಸಿದರು. ಉದ್ದನೆಯ ಕೊಳವೆಯಲ್ಲಿ ಆಲ್ಕೊಹಾಲಿನಲ್ಲಿ ಕರಗಿಸಿದ ಲಿಥಿಯಂ ಕ್ಲೋರೈಡ್ ತುಂಬಿ, ಅದರೊಳಗೆ ಲಿಥಿಯಂ ಬೆರೆತ ಪಾದರಸವನ್ನು ಹನಿಹನಿಯಾಗಿ ಬೀಳಿಸಿದರು. ಲಿಥಿಯಂ-6 ಪಾದರಸದ ಕಡೆ ವಾಲಿತು. ಎರಡು ವರ್ಷದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಟಿ. ಐವನ್ ಟೇಲರ್ ಮತ್ತು ಯೂರಿ ಇನ್ನೊಂದು ದಾರಿ ಹಿಡಿದರು. ಅವರ ಕೊಳವೆಯಲ್ಲಿ ಪಾದರಸ ಇರಲಿಲ್ಲ, ಜಿಯೊಲೈಟ್ ಕಣಗಳಿದ್ದವು. ಮೇಲಿನಿಂದ ಲಿಥಿಯಂ ಲವಣದ ದ್ರಾವಣ ಬಿಟ್ಟರೆ ಲಿಥಿಯಂ ಜಿಯೊಲೈಟ್ ಒಳಕ್ಕೆ, ಸೋಡಿಯಂ ಹೊರಕ್ಕೆ.

ಜಿಯೊಲೈಟ್ ಒಳಗೆ ನಡೆಯುವುದನ್ನು ತುಸು ಬಿಡಿಸಿ ಹೇಳಬೇಕು, ಇಡೀ ವಿಷಯದ ಜೀವ ಅಲ್ಲಿದೆ. ನೀರಿನಲ್ಲಿ ಕರಗಿದ ಲಿಥಿಯಂ ಅಯಾನು ಒಂಟಿಯಾಗಿರುವುದಿಲ್ಲ. ನಾಲ್ಕು ನೀರಿನ ಅಣುಗಳು ಅದನ್ನು ಸುತ್ತುವರಿದು ಬಿಗಿಯಾಗಿ ಹಿಡಿದಿರುತ್ತವೆ. ಜಿಯೊಲೈಟ್ ಓಣಿಯೊಳಗೆ ಕೂರಬೇಕಾದರೆ ಈ ಹಿಡಿತ ತುಸು ಸಡಿಲಬೇಕು. ಭಾರದ ಲಿಥಿಯಂ-7 ನೀರಿನ ಗಟ್ಟಿ ಹಿಡಿತದಲ್ಲೇ ಉಳಿಯಲು ಒಲಿಯುತ್ತದೆ, ಹಗುರದ ಲಿಥಿಯಂ-6 ಹರಳಿನ ಸಡಿಲ ನೆಲೆಯಲ್ಲಿ ತುಸು ಹೆಚ್ಚು ಹೊತ್ತು ತಂಗುತ್ತದೆ. ಜಾತ್ರೆಯ ಬೀದಿಯಲ್ಲಿ ಒಟ್ಟಿಗೆ ಹೊರಟ ಎರಡು ಗುಂಪುಗಳಲ್ಲಿ ಒಂದು ಪ್ರತಿ ಅಂಗಡಿಯೆದುರೂ ಅರೆಗಳಿಗೆ ಹೆಚ್ಚು ನಿಂತರೆ ಬೀದಿಯ ಕೊನೆಗೆ ಅದು ಹಿಂದುಳಿದಿರುತ್ತದೆ, ಹಾಗೆ. ಕೊಳವೆಯಿಂದ ಮೊದಲು ಇಳಿಯುವ ಲಿಥಿಯಂನಲ್ಲಿ ಏಳರ ಪಾಲು ಹೆಚ್ಚು, ಕೊನೆಗೆ ಇಳಿಯುವುದರಲ್ಲಿ ಆರರ ಪಾಲು ಹೆಚ್ಚು.

ಟೇಲರ್ ಮತ್ತು ಯೂರಿಗೆ ಸಿಕ್ಕ ಬೇರ್ಪಡಿಕೆಯ ಗುಣಾಂಕ 1.022. ಅಂದರೆ ಒಂದು ಹಂತದಲ್ಲಿ ಎರಡು ಐಸೊಟೋಪ್‌ಗಳ ಅನುಪಾತ ಬದಲಾಗುವುದು ಶೇ 2.2 ಮಾತ್ರ. ಓದಲು ನಿರಾಸೆ ತರುವ ಸಂಖ್ಯೆ. ಆದರೆ ಇದನ್ನು ಚಕ್ರಬಡ್ಡಿಯ ಲೆಕ್ಕದಲ್ಲಿ ನೋಡಬೇಕು. ನೂರರಲ್ಲಿ 7.6 ಇದ್ದ ಲಿಥಿಯಂ-6 ಅನ್ನು 90ಕ್ಕೆ ಏರಿಸಬೇಕೆಂದರೆ ಅನುಪಾತ ಸುಮಾರು 110 ಪಟ್ಟು ಹೆಚ್ಚಬೇಕು. 1.022 ಅನ್ನು ಅದರಿಂದಲೇ ಗುಣಿಸುತ್ತ ಹೋದರೆ ಸುಮಾರು 215 ಹಂತಗಳಲ್ಲಿ ಅಲ್ಲಿಗೆ ತಲುಪುತ್ತೇವೆ. ಪಾದರಸದ ವಿಧಾನದಲ್ಲಿ ಗುಣಾಂಕ 1.05ರ ಆಸುಪಾಸು, ಹಂತಗಳು ನೂರಕ್ಕಿಂತ ತುಸು ಕಡಿಮೆ. ಕಾಗದದ ಮೇಲಿನ ಹೋಲಿಕೆ ಇದು: ಒಂದು ಕಡೆ ಅರ್ಧದಷ್ಟು ಹಂತ ಮತ್ತು ಪಾದರಸ, ಇನ್ನೊಂದು ಕಡೆ ಎರಡರಷ್ಟು ಹಂತ ಮತ್ತು ಕಲ್ಲು, ಉಪ್ಪುನೀರು.

ಜಿಯೊಲೈಟ್‌ನ ದೋಷವನ್ನೂ ಮುಚ್ಚಿಡಬಾರದು. ಹೆಚ್ಚಿನ ಜಿಯೊಲೈಟ್‌ಗಳಿಗೆ ಲಿಥಿಯಂ ಮೇಲೆ ಪ್ರೀತಿ ಕಡಿಮೆ. ನೀರಿನ ಕವಚ ಹೊತ್ತು ಬರುವ ಈ ಪುಟ್ಟ ಅಯಾನಿಗಿಂತ ಸೋಡಿಯಂ, ಪೊಟ್ಯಾಸಿಯಂ, ಎಲ್ಲಕ್ಕಿಂತ ಹೆಚ್ಚಾಗಿ ಸೀಸಿಯಂ ಅವಕ್ಕೆ ಇಷ್ಟ. ಸೀಸಿಯಂ ಮೇಲಿನ ಆ ಒಲವೇ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಪಘಾತದ ನಂತರ, ಆಮೇಲೆ 2011ರ ಫುಕುಶಿಮಾದಲ್ಲಿ, ವಿಕಿರಣಶೀಲ ನೀರನ್ನು ತೊಳೆಯಲು ಜಿಯೊಲೈಟ್ ಬಳಸಲು ಕಾರಣವಾಯಿತು. ಲಿಥಿಯಂ ವಿಷಯದಲ್ಲಿ ಅದೇ ಗುಣ ಅಡ್ಡಿ. ಒಂದು ಕಿಲೋ ಜಿಯೊಲೈಟ್ ಹಿಡಿದಿಡುವ ಲಿಥಿಯಂ ಅಲ್ಪ, ತೊಳೆಯಲು ಬೇಕಾಗುವ ನೀರು ಬಹಳ, ಕೊಳವೆ ಉದ್ದವಾದಷ್ಟೂ ಸಮಯ ಬಹಳ. ನಿಧಾನವಾಗಿ ಮಾಡಿದರೆ ಆಗುವ ಕೆಲಸ ಅದು.

ನಿಧಾನಕ್ಕೆ ಆಗ ಪುರುಸೊತ್ತು ಇರಲಿಲ್ಲ. 1950ರ ದಶಕದಲ್ಲಿ ಹೈಡ್ರೊಜನ್ ಬಾಂಬಿಗೆ ಲಿಥಿಯಂ-6 ಬೇಕಾಯಿತು, ಟನ್‌ಗಟ್ಟಲೆ, ಅದೂ ತುರ್ತಾಗಿ. ಟೆನೆಸ್ಸಿಯ ಓಕ್ ರಿಜ್‌ನ ವೈ-12 ಸ್ಥಾವರದಲ್ಲಿ ಲೂಯಿಸ್ ದಾರಿಯನ್ನೇ ಹಿಗ್ಗಿಸಿ ಕೋಲೆಕ್ಸ್ ಎಂಬ ವಿಧಾನ ಕಟ್ಟಿದರು. ಲಿಥಿಯಂ ಬೆರೆತ ಪಾದರಸ ಒಂದು ಕಡೆಯಿಂದ, ಲಿಥಿಯಂ ಹೈಡ್ರಾಕ್ಸೈಡ್ ದ್ರಾವಣ ಎದುರಿನಿಂದ. ಅಲ್ಲಿ ಬಳಸಿದ ಪಾದರಸ ಸುಮಾರು 11,000 ಟನ್. ಅದರಲ್ಲಿ 300 ಟನ್‌ಗೂ ಹೆಚ್ಚು ಗಾಳಿ, ನೆಲ, ನೀರು ಸೇರಿತು. ಈಸ್ಟ್ ಫೋರ್ಕ್ ಪಾಪ್ಲರ್ ಎಂಬ ಹಳ್ಳವೊಂದಕ್ಕೇ 100 ಟನ್‌ಗೂ ಮೀರಿ ಹರಿಯಿತು. 1963ಕ್ಕೆ ಉತ್ಪಾದನೆ ನಿಂತಿತು, ಆದರೆ ಎಷ್ಟು ಪಾದರಸ ಹೋಯಿತೆಂಬ ಲೆಕ್ಕವನ್ನು ಊರಿನ ಜನರ ಮುಂದೆ ಇಟ್ಟದ್ದು 1983ರಲ್ಲಿ. ಇಪ್ಪತ್ತು ವರ್ಷ ಆ ಹಳ್ಳದ ದಂಡೆಯಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಏನೂ ಹೇಳಿರಲಿಲ್ಲ. ಅಲ್ಲಿನ ಶುದ್ಧೀಕರಣ ಇನ್ನೂ ನಡೆದಿದೆ. ಪಾದರಸ ಏನು ಮಾಡುತ್ತದೆಂದು ಜಪಾನಿನ ಮಿನಮಾಟಾದಲ್ಲಿ 1950ರ ದಶಕದ ಕೊನೆಗೇ ಜಗತ್ತು ಕಂಡಿತ್ತು, ಆದರೂ ಕೊಳವೆಗಳಲ್ಲಿ ಪಾದರಸ ಹರಿಯುತ್ತಲೇ ಇತ್ತು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹೀಗೆ ಬೇರ್ಪಡಿಸಿದ ಲಿಥಿಯಂ ತನ್ನ ಭೇದವನ್ನು ಭಯಂಕರವಾಗಿ ಸಾರಿದ್ದೂ ಉಂಟು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪವಲಯದಲ್ಲಿ ಸಿಡಿಸಿದ ಕ್ಯಾಸಲ್ ಬ್ರಾವೊ ಬಾಂಬಿನಲ್ಲಿ ಲಿಥಿಯಂ-6 ಸುಮಾರು ಶೇ 40, ಉಳಿದದ್ದು ಲಿಥಿಯಂ-7. ಏಳು ಸುಮ್ಮನಿರುತ್ತದೆ ಎಂದು ಲೆಕ್ಕ ಹಾಕಿದ್ದರು. ಆದರೆ ಅತಿವೇಗದ ನ್ಯೂಟ್ರಾನ್ ತಾಗಿದಾಗ ಅದೂ ಟ್ರಿಟಿಯಂ ಹಡೆಯಿತು. ಸುಮಾರು 6 ಮೆಗಾಟನ್ ನಿರೀಕ್ಷಿಸಿದ ಕಡೆ 15 ಮೆಗಾಟನ್ ಸಿಡಿಯಿತು. ಮಾರ್ಷಲ್ ದ್ವೀಪಗಳ ಜನ ಮತ್ತು ಜಪಾನಿನ ಒಂದು ಮೀನುಗಾರಿಕಾ ದೋಣಿಯವರು ಆ ತಪ್ಪು ಲೆಕ್ಕದ ಬೂದಿಯನ್ನು ಮೈಮೇಲೆ ಹೊತ್ತರು.

ಆ ಕಾಲದ ಇನ್ನೊಂದು ಗುರುತು ಇಂದಿಗೂ ಪ್ರಯೋಗಾಲಯಗಳ ಕಪಾಟಿನಲ್ಲಿದೆ. ಬಾಂಬಿಗೆಂದು ಆರನ್ನು ಹಿಂಡಿ ತೆಗೆದ ಮೇಲೆ ಉಳಿದ ಲಿಥಿಯಂ ಮಾರುಕಟ್ಟೆಗೆ ಬಂತು, ರಾಸಾಯನಿಕ ಬಾಟಲಿಗಳನ್ನು ಸೇರಿತು. ಹೀಗಾಗಿ ಲಿಥಿಯಂನ ಪರಮಾಣು ತೂಕಕ್ಕೆ ಅಂತರರಾಷ್ಟ್ರೀಯ ಸಂಸ್ಥೆ ಒಂದೇ ಸಂಖ್ಯೆ ಕೊಡುವ ಬದಲು 6.938ರಿಂದ 6.997ರವರೆಗೆ ಒಂದು ವ್ಯಾಪ್ತಿ ಕೊಡುತ್ತದೆ. ಕೊಂಡು ತಂದ ಬಾಟಲಿಯ ತೂಕ ನಿಖರವಾಗಿ ಬೇಕಿದ್ದರೆ ಅಳೆದೇ ತಿಳಿಯಬೇಕು.

ಇನ್ನು ನಮ್ಮ ನೆಲದ ಲಿಥಿಯಂಗೆ ಬರೋಣ. ಕವಿರಾಜಮಾರ್ಗದ ಕಾಲಕ್ಕೆ ಕನ್ನಡನಾಡಿನ ಎಲ್ಲೆ ಕಾವೇರಿಯಿಂದ ಗೋದಾವರಿಯವರೆಗೆ. ಗೋದಾವರಿ ಹುಟ್ಟುವುದು ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ, ಜಿಯೊಲೈಟ್ ತುಂಬಿದ ಬೆಟ್ಟಗಳ ನಡುವೆ. ಇತ್ತ ಕಾವೇರಿ ಹರಿಯುವ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಶಿಲೆಗಳಲ್ಲಿ ಲಿಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿತು. 2021ರಲ್ಲಿ ಪ್ರಕಟವಾದ ಅಂದಾಜು 1,600 ಟನ್. ಪ್ರಾಥಮಿಕ ಹಂತದ ಅಂದಾಜು ಅದು, ಅದಕ್ಕೂ ಮೊದಲು ಪತ್ರಿಕೆಗಳಲ್ಲಿ ಹರಿದಾಡಿದ ಸಂಖ್ಯೆ ಇದರ ಎಷ್ಟೋ ಪಟ್ಟು ದೊಡ್ಡದಿತ್ತು. ಜಗತ್ತಿನ ಗಣಿಗಳ ಎದುರು 1,600 ಟನ್ ಚಿಕ್ಕದು. ಬ್ಯಾಟರಿಯ ಲೆಕ್ಕದಲ್ಲಿ ಅದು ಬೇಗ ಖರ್ಚಾಗುತ್ತದೆ. ಆದರೆ ಐಸೊಟೋಪ್ ಲೆಕ್ಕದಲ್ಲಿ ಅದರೊಳಗೆ ನೂರು ಟನ್‌ಗೂ ಹೆಚ್ಚು ಲಿಥಿಯಂ-6 ಇದೆ. ಮಂಡ್ಯದ ಅದಿರಿನ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯಲ್ಲಿ ಈ ಮಾತು ಬಂದದ್ದನ್ನು ನಾನು ಕಂಡಿಲ್ಲ.

ಎರಡು ನದಿಗಳ ನಡುವಿನ ಬೀದರಿನಲ್ಲಿ ಪ್ರಕೃತಿ ತಾನೇ ಈ ಬೇರ್ಪಡಿಕೆ ನಡೆಸುತ್ತ ಬಂದಿದೆ. ಬೀದರಿನ ಕೋಟೆ ನಿಂತಿರುವುದು, ನೌಬಾದಿನ ಸುರಂಗಬಾವಿಗಳನ್ನು ತೋಡಿರುವುದು ಕೆಂಪು ಜಂಬಿಟ್ಟಿಗೆಯಲ್ಲಿ. ನಾಸಿಕ್‌ನದೇ ಬಸಾಲ್ಟ್ ಯುಗಯುಗಗಳ ಮಳೆಗೆ ಸಿಕ್ಕಿ ಕೊಳೆತು ಆದ ಕಲ್ಲು ಅದು. ಬ್ರಿಟನ್ನಿನ ಬಾಸಕ್ ಕಿಸಾಕುರೆಕ್, ಮೈಕ್ ವಿಡೋಸನ್, ರೇಚಲ್ ಜೇಮ್ಸ್ ಬೀದರಿನ ಈ ಪದರಗಳಲ್ಲಿ ಲಿಥಿಯಂ ಐಸೊಟೋಪ್‌ಗಳು ಹೇಗೆ ಹಂಚಿಹೋಗಿವೆ ಎಂದು ಅಳೆದು 2004ರಲ್ಲಿ ಪ್ರಕಟಿಸಿದರು. ಮೇಲಿನ ಪದರಗಳಲ್ಲಿ ಗಾಳಿ ಹೊತ್ತು ತಂದ ದೂಳಿನ ಲಿಥಿಯಂ ಕೂಡ ಸೇರಿಕೊಂಡಿದೆ ಎಂದು ಅವರಿಗೆ ಕಂಡಿತು. ಎಲ್ಲ ಕಡೆಯ ನಿಯಮ ಒಂದೇ: ಶಿಲೆ ಕೊಳೆತು ಜೇಡಿಯಾಗುವಾಗ ಆರು ಜೇಡಿಯಲ್ಲಿ ತಂಗುತ್ತದೆ, ಏಳು ನೀರಿನೊಂದಿಗೆ ಹೊರಟು ನದಿ ಸೇರಿ ಸಮುದ್ರಕ್ಕೆ ಹೋಗುತ್ತದೆ. ಟೇಲರ್ ಮತ್ತು ಯೂರಿಯ ಕೊಳವೆಯಲ್ಲಿ ನಡೆದದ್ದೇ ಇಲ್ಲಿ ನದೀಕೊಳ್ಳದ ಅಳತೆಯಲ್ಲಿ ನಡೆಯುತ್ತದೆ. ಅದಕ್ಕೇ ಸಮುದ್ರದ ಲಿಥಿಯಂನಲ್ಲಿ ಏಳರ ಪಾಲು ಬಸಾಲ್ಟ್‌ನಲ್ಲಿರುವುದಕ್ಕಿಂತ ಹೆಚ್ಚು.

ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸಾಂಬುದ್ಧ ಮಿಶ್ರಾ, ಅಮೆರಿಕದ ಫಿಲಿಪ್ ಫ್ರೊಲಿಕ್ ಜೊತೆ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಾಲದ ಉದ್ದಕ್ಕೂ ಬಿಡಿಸಿತು. ಸಮುದ್ರತಳದ ಕೆಸರಿನಲ್ಲಿ ಹೂತ ಸೂಕ್ಷ್ಮಜೀವಿಗಳ ಚಿಪ್ಪುಗಳಲ್ಲಿ ಉಳಿದ ಲಿಥಿಯಂ ಅಳೆದು, ಕಳೆದ 6 ಕೋಟಿ ವರ್ಷಗಳಲ್ಲಿ ಸಮುದ್ರದ ಐಸೊಟೋಪ್ ಅನುಪಾತ ಸಾವಿರಕ್ಕೆ ಒಂಬತ್ತರಷ್ಟು ಏಳರ ಕಡೆ ಸರಿದಿದೆ ಎಂದು ಅವರು ತೋರಿಸಿದರು. ಹಿಮಾಲಯದಂಥ ಪರ್ವತಗಳು ಎದ್ದು ಶಿಲೆ ಸವೆಯುವ ಬಗೆ ಬದಲಾದದ್ದರ ಕುರುಹು ಅದು. ಇಂಥ ಅಳತೆ ಮಾಡುವವರು ಲಿಥಿಯಂ ಅನ್ನು ಉಳಿದ ಧಾತುಗಳಿಂದ ಬೇರ್ಪಡಿಸುವುದೂ ಅಯಾನು ವಿನಿಮಯದ ಪುಟ್ಟ ಕೊಳವೆಯಲ್ಲೇ. ಕೊನೆಯ ಹನಿಯವರೆಗೆ ಹಿಡಿಯದಿದ್ದರೆ ಫಲಿತಾಂಶ ಕೆಟ್ಟುಹೋಗುತ್ತದೆ, ಏಕೆಂದರೆ ಏಳು ಮೊದಲು ಇಳಿದಿರುತ್ತದೆ, ಆರು ಇನ್ನೂ ಒಳಗೆ ಉಳಿದಿರುತ್ತದೆ.

ಭಾರತ 2005ರಿಂದ ಫ್ರಾನ್ಸಿನ ಐಟರ್ ಸಮ್ಮಿಳನ ಯೋಜನೆಯ ಪಾಲುದಾರ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಟ್ರಿಟಿಯಂ ಹುಟ್ಟಿಸುವ ಹೊದಿಕೆಗಾಗಿ ಸೀಸ-ಲಿಥಿಯಂ ಮಿಶ್ರಲೋಹ, ಲಿಥಿಯಂ ಟೈಟನೇಟ್ ಗುಂಡುಗಳ ಮೇಲೆ ಕೆಲಸ ಮಾಡಿದೆ. ಥೋರಿಯಂ ಬಳಸುವ ಕರಗಿದ ಲವಣದ ರಿಯಾಕ್ಟರ್‌ನ ಕಲ್ಪನೆಯೂ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿದೆ, ಅಂಥ ಲವಣದಲ್ಲಿ ಲಿಥಿಯಂ ಬಳಸುವುದಾದರೆ ಅದು ಶುದ್ಧ ಲಿಥಿಯಂ-7 ಆಗಿರಬೇಕು. ಹೀಗೆ ಎರಡೂ ಬೇಕಾಗುವ ದಿನ ಬಂದರೆ ಎಲ್ಲಿಂದ ತರುವುದು? ಪಾದರಸದ ದಾರಿ ನಮಗೆ ಮುಚ್ಚಿದೆ, ಮುಚ್ಚಿಯೇ ಇರಬೇಕು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ.

ಐಸೊಟೋಪ್ ಬೇರ್ಪಡಿಸುವ ಕೈಚಳಕ ನಮ್ಮಲ್ಲಿ ಇಲ್ಲದಿಲ್ಲ. ಭಾರಜಲ ಮಂಡಳಿ ಮತ್ತು ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರ ಬೋರಾನ್-10 ಅನ್ನು ಅಯಾನು ವಿನಿಮಯದಿಂದ ಸಾಂದ್ರಗೊಳಿಸಿದ ಅನುಭವ ಹೊಂದಿವೆ. ಜಿಯೊಲೈಟ್ ಹೆಣೆಯುವ ವಿದ್ಯೆಯೂ ಇದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ 1980ರ ದಶಕದಲ್ಲಿ ಎನ್ಸಿಲೈಟ್ ಎಂಬ ಜಿಯೊಲೈಟ್ ವೇಗವರ್ಧಕ ರೂಪಿಸಿ ಪೆಟ್ರೊ ರಾಸಾಯನಿಕ ಉದ್ದಿಮೆಗೆ ಕೊಟ್ಟಿತು. ನಾಸಿಕ್‌ನ ಸ್ಟಿಲ್ಬೈಟ್ ಒಡೆದು ಕೊಳವೆಗೆ ತುಂಬಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಮಾಡುವುದು ಪಾಪವೇ ಸರಿ, ಅದರಿಂದ ಉಪಯೋಗವೂ ಇಲ್ಲ. ಓಣಿಯ ಅಗಲ, ಆವೇಶದ ಸಾಂದ್ರತೆ ನಮಗೆ ಬೇಕಾದಂತೆ ಇರಬೇಕಾದರೆ ಜಿಯೊಲೈಟ್ ಅನ್ನು ಪ್ರಯೋಗಾಲಯದಲ್ಲೇ ಬೆಳೆಸಬೇಕು. ನಾಸಿಕ್‌ನ ಹರಳುಗಳು ಆ ವಿನ್ಯಾಸಕ್ಕೆ ಮಾದರಿಗಳು.

ಬೇರೆ ಕಡೆ ಕೆಲಸ ನಡೆದಿದೆ. ಜಪಾನಿನಲ್ಲಿ 1980ರ ದಶಕದಿಂದ ಅಯಾನು ವಿನಿಮಯ ರಾಳಗಳ ಮೇಲೆ, ಲಿಥಿಯಂ ಅನ್ನು ಉಂಗುರದಂತೆ ಸುತ್ತುವ ಕ್ರೌನ್ ಈಥರ್ ಬಗೆಯ ಅಣುಗಳ ಮೇಲೆ ಸಂಶೋಧನೆ ಸಾಗಿದೆ. ಅಂಥ ಅಣುಗಳು ಪಾದರಸದ ಗುಣಾಂಕವನ್ನು ಸರಿಗಟ್ಟಿದ್ದುಂಟು, ಆದರೆ ಅವು ದುಬಾರಿ. 2025ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸರ್ಬಜಿತ್ ಬ್ಯಾನರ್ಜಿ ತಂಡ ವೆನೇಡಿಯಂ ಆಕ್ಸೈಡ್‌ನ ಒಂದು ರೂಪವನ್ನು ಮುಂದಿಟ್ಟಿತು. ಅದರಲ್ಲೂ ಸುರಂಗದಂಥ ಓಣಿಗಳಿವೆ, ವಿದ್ಯುತ್ತಿನ ಒತ್ತಾಸೆಯಿಂದ ಲಿಥಿಯಂ ಒಳಹೋಗುತ್ತದೆ, ಆರು ಅಲ್ಲಿ ಹೆಚ್ಚು ಅಂಟಿಕೊಳ್ಳುತ್ತದೆ. ತೈಲಬಾವಿಗಳ ಕೊಳಕು ನೀರನ್ನು ಶುದ್ಧಗೊಳಿಸುವ ಕೆಲಸದ ನಡುವೆ ಸಿಕ್ಕ ಸುಳಿವು ಇದು. ಟೇಲರ್ ಮತ್ತು ಯೂರಿ ನಡೆದ ದಾರಿಯನ್ನು ಎಂಬತ್ತೇಳು ವರ್ಷಗಳ ನಂತರ ಇನ್ನೊಂದು ಹರಳಿನೊಂದಿಗೆ ಮತ್ತೆ ತುಳಿದಂತಾಯಿತು.

ನಮ್ಮಲ್ಲಿ ಈ ಕೆಲಸ ಆರಂಭಿಸಲು ಬೆಟ್ಟದಷ್ಟು ಹಣ ಬೇಕಿಲ್ಲ. ಪುಣೆಯಲ್ಲೋ ಬೆಂಗಳೂರಿನಲ್ಲೋ ಜಿಯೊಲೈಟ್ ಬೆಳೆಸಬಲ್ಲವರೂ ಐಸೊಟೋಪ್ ಅಳೆಯಬಲ್ಲವರೂ ಒಂದೇ ಮೇಜಿನ ಸುತ್ತ ಕೂತರೆ ಮೊದಲ ಹೆಜ್ಜೆ ಆಗುತ್ತದೆ. ಯಾವ ಹರಳು ಒಂದು ಹಂತದಲ್ಲಿ ಎಷ್ಟು ಬೇರ್ಪಡಿಸುತ್ತದೆ, ಕಿಲೋ ಹರಳು ಎಷ್ಟು ಲಿಥಿಯಂ ಹಿಡಿಯುತ್ತದೆ, ಅದನ್ನು ಮತ್ತೆ ಬಿಡಿಸಲು ಎಷ್ಟು ಉಪ್ಪುನೀರು ಬೇಕು, ಆ ಉಪ್ಪುನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ. ಈ ನಾಲ್ಕು ಲೆಕ್ಕಗಳು ಸಾರ್ವಜನಿಕವಾಗಿ ಪ್ರಕಟವಾಗಬೇಕು, ಮಾರ್ಲಗಲ್ಲದ ಗುಡ್ಡಕ್ಕೆ ಮೊದಲ ಸಿಡಿಮದ್ದು ಇಡುವ ಮುಂಚೆಯೇ ಅಲ್ಲಿನ ರೈತರ ಕೈಗೂ ಸಿಗಬೇಕು.